ಐದು–ಸೊನ್ನೆ: ಅಂತರ ಖರೇನ ಅಷ್ಟಿತ್ತೇನು?

ಓದುಗರ ಪ್ರಶ್ನೆ, ಮೈದಾನದ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಏಕಪಕ್ಷೀಯ ಫೈನಲ್‌ಗಳ ಬಗ್ಗೆಯೇ. ಹೆಚ್ಚಿನ ವಾದಕ್ಕೆ ಮೂಲ 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್. ನಮ್ಮ ಕಡೆ ಅದು ಶುರುವಾದಾಗ ಮಧ್ಯರಾತ್ರಿ ಹನ್ನೆರಡೂವರೆ. ಪ್ಯಾರಿಸ್ ಸೇಂಟ್ ಜರ್ಮೈನ್ (ಪಿಎಸ್‌ಜಿ) 5, ಇಂಟರ್ ಮಿಲಾನ್ 0. ಯುರೋಪಿನ ಈ ಕಪ್ಪಿನ ಫೈನಲ್‌ನಲ್ಲಿ ಇಷ್ಟು ದೊಡ್ಡ ಅಂತರ ಹಿಂದೆಂದೂ ಆಗಿರಲಿಲ್ಲ.

ಪ್ರಶ್ನೆ: ನಮ್ಮ ಕಟ್ಟಿ ಮ್ಯಾಲೆ ಎರಡು ಪಾರ್ಟಿ ಆಗ್ಯಾವ್ರಿ. ಒಂದು ಪಾರ್ಟಿ ‘ಪಿಎಸ್‌ಜಿ ಅವತ್ತ ಆಡಿದಂಗ ಆಡಿದ್ರ ಎದುರಿಗೆ ಯಾರು ನಿಂತ್ರೂ ಐದು ಗೋಲೇ’ ಅಂತಾರ. ಇನ್ನೊಂದು ಪಾರ್ಟಿ ‘ಇಂಟರ್ ಮುದುಕರ ತಂಡ, ಕಾಲಾಗ ಕಸುವಿರಲಿಲ್ಲ’ ಅಂತಾರ. ಯಾರದು ಖರೆ?
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಇಂಥ ಪಂದ್ಯವನ್ನು ಅಳೆಯಬೇಕಾದರೆ ಎರಡನೇ ಗೋಲಿನವರೆಗೆ ಮಾತ್ರ ನೋಡಿ. ಅಲ್ಲಿಂದಾಚೆ ಸೋಲುತ್ತಿರುವ ತಂಡ ತನ್ನ ಆಟ ಬಿಟ್ಟು ಬೇರೆ ಆಟ ಆಡಲೇಬೇಕಾಗುತ್ತದೆ. ಆಮೇಲೆ ಬೀಳುವ ಗೋಲುಗಳು ಬಹುಪಾಲು ಆ ಅನಿವಾರ್ಯದ ಫಲ.

ಮೊದಲ ಗೋಲು 12ನೇ ನಿಮಿಷದಲ್ಲಿ. ಇಂಟರ್ ಆಡಿದ್ದು 3-5-2ರಲ್ಲಿ, ಅಂದರೆ ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು; ಚೆಂಡು ಕಳೆದುಕೊಂಡಾಗ ನಡುವಿನ ಸಾಲಿನ ಎರಡು ಬದಿಯ ವಿಂಗ್ ಬ್ಯಾಕ್‌ಗಳು ಹಿಂದಕ್ಕೆ ಬಂದು ಐವರ ಸಾಲಾಗಬೇಕು. ಪಿಎಸ್‌ಜಿಯ ವಿಟಿನ್ಯಾ ಆ ಸಾಲಿನ ಮುಂದೆ ಚೆಂಡು ಹಿಡಿದಾಗ ಉಳಿದವರು ಮೇಲೆ ಸರಿದರು, ಎಡಗಡೆಯ ಡಿಮಾರ್ಕೊ ಒಬ್ಬ ಹಿಂದೆಯೇ ಉಳಿದ. ಅವನೊಬ್ಬನಿಂದಾಗಿ ಪಿಎಸ್‌ಜಿಯ ಡಿಸೈರೆ ಡುವೆ ಆಫ್‌ಸೈಡ್ (ಪಾಸ್ ಹೊರಡುವಾಗ ರಕ್ಷಕರ ಸಾಲಿಗಿಂತ ಮುಂದಿರುವ ತಪ್ಪು) ಆಗಲಿಲ್ಲ. ಬಾಕ್ಸ್ ಒಳಗೆ ಸಿಕ್ಕ ಚೆಂಡನ್ನು ಡುವೆ ಅಡ್ಡಕ್ಕೆ ತಳ್ಳಿದ, ಹಕೀಮಿ ಖಾಲಿ ಗೋಲಿಗೆ ಮುಟ್ಟಿಸಿದ. ಒಂದು ಕಾಲಕ್ಕೆ ಇಂಟರ್‌ಗೇ ಆಡಿದವನಾದ್ದರಿಂದ ಹಕೀಮಿ ಸಂಭ್ರಮಿಸಲಿಲ್ಲ.

ಈಗ ಎರಡನೇ ಪಾರ್ಟಿಯವರನ್ನು ಕೇಳಿ: 12ನೇ ನಿಮಿಷಕ್ಕೆ ಯಾರ ಕಾಲು ಸೋತಿರುತ್ತದೆ? ಬಾರ್ಸಿಲೋನಾ ಜೊತೆಗಿನ ಸೆಮಿಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿದ್ದು ನಿಜ, ಒಟ್ಟು 7-6ರಲ್ಲಿ ಇಂಟರ್ ಗೆದ್ದಿದ್ದೂ ನಿಜ. ಆದರೆ ಅದು ಮೇ 6ರಂದು. ನಡುವೆ ಮೂರೂವರೆ ವಾರ ಕಳೆದಿತ್ತು. ಮೊದಲ ಗೋಲು ದಣಿವಿನದ್ದಲ್ಲ, ಸಾಲು ತಪ್ಪಿದ್ದರದ್ದು.

ಎರಡನೆಯದು 20ನೇ ನಿಮಿಷದಲ್ಲಿ. ಪಿಎಸ್‌ಜಿಯ ಗೋಲ್ ಲೈನ್ ಹತ್ತಿರ ಹೊರಗೆ ಹೋಗುತ್ತಿದ್ದ ಚೆಂಡನ್ನು ಅವರ ಬ್ಯಾಕ್ ಪಾಚೊ ಒಳಗೇ ಉಳಿಸಿಕೊಂಡ. ಕಾರ್ನರ್ ಸಿಗಬಹುದೆಂದು ಇಂಟರ್ ಆಟಗಾರರು ಮುಂದಿದ್ದರು. ಚೆಂಡು ಕ್ವಾರಾತ್ಸ್‌ಖೇಲಿಯಾಗೆ, ಅವನಿಂದ ಡೆಂಬೆಲೆಗೆ, ಅಲ್ಲಿಂದ ಬಲಗಡೆ ಖಾಲಿ ನಿಂತ ಡುವೆಗೆ. ಅವನ ಹೊಡೆತ ಡಿಮಾರ್ಕೊ ಮೈಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಇದರಲ್ಲಿ ಅರ್ಧ ಚುರುಕು, ಅರ್ಧ ಅದೃಷ್ಟ.

ಟಿವಿಯಲ್ಲಿ ಸರಿಯಾಗಿ ಕಾಣದ ಕೆಲಸ ಇನ್ನೊಂದಿತ್ತು. ಇಂಟರ್‌ಗೆ ಗೋಲ್ ಕಿಕ್ ಸಿಕ್ಕಾಗಲೆಲ್ಲ ಡೆಂಬೆಲೆ ಪೆನಾಲ್ಟಿ ಏರಿಯಾದ ಅಂಚಿನಲ್ಲಿ ಬಾಗಿ ನಿಂತು ಗೋಲ್‌ಕೀಪರ್ ಸೊಮ್ಮರ್‌ನನ್ನೇ ದಿಟ್ಟಿಸುತ್ತಿದ್ದ. ಸಣ್ಣ ಪಾಸ್ ಕೊಟ್ಟರೆ ಹಾರುವವನಂತೆ. ಕಿಕ್‌ಆಫ್‌ನಲ್ಲೂ ಅಂಥದ್ದೇ ಉಪಾಯ: ವಿಟಿನ್ಯಾ ಚೆಂಡನ್ನು ಎದುರಾಳಿಯ ಮೂಲೆಯ ಕಡೆ ನೇರವಾಗಿ ಹೊರಗೆ ಒದ್ದುಬಿಟ್ಟ. ಚೆಂಡು ಕೊಟ್ಟಂತೆ ಕಾಣುತ್ತದೆ, ಆದರೆ ಇಂಟರ್ ತನ್ನ ಗೋಲಿನ ಹತ್ತಿರವೇ ಥ್ರೋ ಇನ್ ಮಾಡಬೇಕು, ಪಿಎಸ್‌ಜಿಯ ಹತ್ತೂ ಜನ ಅಲ್ಲಿ ಕಾಯುತ್ತಿರುತ್ತಾರೆ.

ವಯಸ್ಸಿನ ಮಾತಿಗೂ ಸ್ವಲ್ಪ ತೂಕ ಇದೆ, ಆದರೆ ಕೊನೆಯ ಮೂರು ಗೋಲುಗಳಿಗೆ. ಅಚೆರ್ಬಿಗೆ 37, ಮ್ಖಿತಾರ್ಯಾನ್‌ಗೆ 36. ಎದುರಿಗೆ ಡುವೆಗೆ 19, ಜುವಾವ್ ನೆವೆಸ್‌ಗೆ 20. ವಯಸ್ಸಾದವರು ಒಂದು ಓಟ ಓಡುತ್ತಾರೆ. ಅದು ವ್ಯರ್ಥವಾದ ಮರುಕ್ಷಣ ತಿರುಗಿ ಓಡಬೇಕಾದ ಎರಡನೇ ಓಟದಲ್ಲಿ ಹಿಂದೆ ಬೀಳುತ್ತಾರೆ. 54ನೇ ನಿಮಿಷದಲ್ಲಿ ಇಂಟರ್‌ಗೆ ಬದಲಿಯಾಗಿ ಬಂದ ಬಿಸ್ಸೆಕ್ ಹತ್ತು ನಿಮಿಷದೊಳಗೆ ಗಾಯಗೊಂಡು ಹೊರಟ. 63, 73, 86: ಡುವೆ, ಕ್ವಾರಾತ್ಸ್‌ಖೇಲಿಯಾ, ಮಾಯುಲು. ಮೂರೂ ಖಾಲಿ ಜಾಗದಲ್ಲಿ.

ಮೊದಲ ಪಾರ್ಟಿಗೆ ಹನ್ನೆರಡಾಣೆ, ಎರಡನೇ ಪಾರ್ಟಿಗೆ ನಾಲ್ಕಾಣೆ. ಆದರೆ ‘ಯಾರು ನಿಂತ್ರೂ ಐದು’ ಅನ್ನೋ ಮಾತು ಮಾತ್ರ ಅಲ್ಲ. ಅದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ಇದೇ ಪಿಎಸ್‌ಜಿ ಆರು ವಾರ ಆದ ಮ್ಯಾಲೆ, ಜುಲೈ 13ಕ್ಕೆ, ಕ್ಲಬ್ ವಿಶ್ವಕಪ್ ಫೈನಲ್‌ನ್ಯಾಗ ಚೆಲ್ಸಿ ಕೈಯಾಗ 0-3 ಸೋತಿತಲ್ರಿ. ಹಂಗಾದ್ರ ಮ್ಯೂನಿಕ್ಕಿನ ಐದು ಗೋಲು ಬರೇ ನಸೀಬಾ?
— ಸಪ್ತಾಪುರ, ಧಾರವಾಡ

ಉತ್ತರ: ನಸೀಬಲ್ಲ. ಆದರೆ ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಕಡಿಮೆ ಸಂಖ್ಯೆಗಳು ಸುಲಭವಾಗಿ ಹೊಯ್ದಾಡುತ್ತವೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಪಾಯ್ಸನ್ ಹಂಚಿಕೆ ನೆನಪಿರಬಹುದು: ಸರಾಸರಿ ಗೊತ್ತಿದ್ದರೆ ಯಾವ ಸಂಖ್ಯೆ ಎಷ್ಟು ಸಲ ಬರಬಹುದೆಂದು ಹೇಳುವ ಸೂತ್ರ. ಒಂದು ತಂಡಕ್ಕೆ ಪಂದ್ಯಕ್ಕೆ ಸರಾಸರಿ 2.5 ಗೋಲಿನಷ್ಟು ಅವಕಾಶ, ಎದುರಾಳಿಗೆ 1 ಗೋಲಿನಷ್ಟು ಅಂತ ಇಟ್ಟುಕೊಳ್ಳಿ. ಇದು ದೊಡ್ಡ ಅಂತರವೇ. ಬಲಿಷ್ಠ ತಂಡ ಐದು ಅಥವಾ ಹೆಚ್ಚು ಗೋಲು ಹೊಡೆಯುವ ಸಾಧ್ಯತೆ ಸುಮಾರು ಶೇ 11. ಎದುರಾಳಿ ಒಂದೂ ಹೊಡೆಯದಿರುವುದು ಶೇ 37. ಎರಡೂ ಒಟ್ಟಿಗೆ ಆಗುವುದು ಶೇ 4, ಅಂದರೆ ಇಂಥ ಇಪ್ಪತ್ತೈದು ಪಂದ್ಯಗಳಲ್ಲಿ ಒಂದು. ಅದೇ ಲೆಕ್ಕದಲ್ಲಿ ಅದೇ ಬಲಿಷ್ಠ ತಂಡ ಸೋಲುವ ಸಾಧ್ಯತೆ ಸುಮಾರು ಶೇ 13! ಎಂಟಕ್ಕೊಂದು.

ಈ ಲೆಕ್ಕಕ್ಕೆ ಒಂದು ದೋಷವಿದೆ. ಪ್ರತಿ ಗೋಲು ಹಿಂದಿನದಕ್ಕೆ ಸಂಬಂಧವಿಲ್ಲದೆ ಬೀಳುತ್ತದೆ ಎಂದು ಅದು ನಂಬುತ್ತದೆ. ನಿಜದಲ್ಲಿ 0-2 ಆದೊಡನೆ ಸೋಲುವವರು ಬಾಗಿಲು ತೆರೆದು ಆಡುತ್ತಾರೆ. ಹಾಗಾಗಿ ದೊಡ್ಡ ಅಂಕಗಳು ಸೂತ್ರ ಹೇಳುವುದಕ್ಕಿಂತ ಹೆಚ್ಚು ಸಲ ಬರುತ್ತವೆ.

ಚೆಲ್ಸಿ ಗೆದ್ದ ದಾರಿಯನ್ನೂ ನೋಡಿ. ಪಾಚೊ ಕೆಂಪು ಕಾರ್ಡಿನಿಂದ ಹೊರಗಿದ್ದ, ಅವನ ಜಾಗದಲ್ಲಿ ಬೆರಾಲ್ಡೊ. ಪಿಎಸ್‌ಜಿಯ ಎಡ ಬ್ಯಾಕ್ ನುನೊ ಮೆಂಡಿಸ್ ಯಾವಾಗಲೂ ಮುಂದಿರುತ್ತಾನೆ. ಅವನ ಬೆನ್ನ ಹಿಂದಿನ ಜಾಗಕ್ಕೆ ಚೆಲ್ಸಿ ಉದ್ದ ಚೆಂಡು ಹಾಕಿತು. ಗೋಲ್‌ಕೀಪರ್ ಸ್ಯಾಂಚೆಸ್‌ನಿಂದ ಗುಸ್ಟೊಗೆ, ಅಲ್ಲಿಂದ ಪಾಮರ್‌ಗೆ ಬಂದದ್ದು ಮೊದಲ ಗೋಲು. ಪಾಮರ್ ಎರಡು, ಜುವಾವ್ ಪೆಡ್ರೊ ಒಂದು, ಮೂರೂ ಮೊದಲರ್ಧದಲ್ಲಿ. ಪ್ರೆಸ್ಸಿಂಗ್ (ಎದುರಾಳಿಯ ಮೇಲೆ ಮುಗಿಬಿದ್ದು ಚೆಂಡು ಕಸಿಯುವುದು) ಮಾಡುವ ತಂಡದ ತಲೆ ಮೇಲಿಂದ ಚೆಂಡು ದಾಟಿಸಿದರೆ ಪ್ರೆಸ್ಸಿಂಗೇ ಇಲ್ಲದಂತಾಗುತ್ತದೆ. ಮ್ಯೂನಿಕ್‌ನಲ್ಲಿ ಇಂಟರ್ ಅದನ್ನು ಮಾಡಿದ್ದು ಅಪರೂಪ.

ಪ್ರಶ್ನೆ: ಈಗಿನ ಹುಡುಗರಿಗೆ 5-0 ಅಂದ್ರ ದೊಡ್ಡದು. 1960ರಾಗ ರಿಯಲ್ ಮ್ಯಾಡ್ರಿಡ್ 7-3 ಹೊಡದಿತ್ತು, ಪುಷ್ಕಾಸ್ ಒಬ್ಬನೇ ನಾಲ್ಕು. ನಿಮ್ಮ ಲೆಕ್ಕದಾಗ ಖರೇ ಖರೇ ಏಕಪಕ್ಷೀಯ ಫೈನಲ್ ಯಾವುದು ಹೇಳ್ರಿ.
— ಮಾಳಮಡ್ಡಿ, ಧಾರವಾಡ

ಉತ್ತರ: ಹಿರಿಯರೇ, 7-3 ನೋಡಲು ಹಬ್ಬ, ಆದರೆ ಫ್ರಾಂಕ್‌ಫರ್ಟ್ ಮೂರು ಗೋಲು ಹೊಡೆದಿತ್ತು, ಮೊದಲ ಗೋಲೂ ಅವರದೇ. ನನ್ನ ಆಯ್ಕೆ 1994ರ ಅಥೆನ್ಸ್: ಮಿಲಾನ್ (ಇಂಟರ್ ಅಲ್ಲ, ಅದೇ ಊರಿನ ಎಸಿ ಮಿಲಾನ್) 4, ಬಾರ್ಸಿಲೋನಾ 0. ಮಿಲಾನ್‌ನ ರಕ್ಷಣೆಯ ಎರಡು ಕಂಬಗಳಾದ ಬರೇಸಿ, ಕೊಸ್ಟಾಕುರ್ಟಾ ಇಬ್ಬರೂ ಅಮಾನತಿನಲ್ಲಿದ್ದರು. ಬಾರ್ಸಿಲೋನಾವೇ ಗೆಲ್ಲುತ್ತದೆ ಎಂದು ಎಲ್ಲರ ಮಾತು. ಮೊದಲರ್ಧದಲ್ಲಿ ಮಸ್ಸಾರೊ ಎರಡು, ವಿರಾಮವಾದ ಕೂಡಲೇ ಸವಿಚೆವಿಚ್ ಗೋಲ್‌ಕೀಪರ್ ತಲೆ ಮೇಲಿಂದ ಎತ್ತಿ ಹಾಕಿದ್ದು, 58ನೇ ನಿಮಿಷಕ್ಕೆ ಡೆಸಾಯಿ. ದುರ್ಬಲವಾಗಬೇಕಿದ್ದ ತಂಡ ಬಲಿಷ್ಠ ತಂಡಕ್ಕೆ ಉಸಿರೆತ್ತಲು ಬಿಡಲಿಲ್ಲ. ಗೋಲಿನ ಅಂತರಕ್ಕಿಂತ ಅದು ದೊಡ್ಡದು.

ಎಲ್ಲರೂ ತಪ್ಪಾಗಿ ನೆನೆಯುವುದು 2012ರ ಯುರೋ ಫೈನಲ್. ಸ್ಪೇನ್ 4, ಇಟಲಿ 0. ಮೊದಲರ್ಧದಲ್ಲಿ ಎರಡು ಗೋಲು ನ್ಯಾಯವಾಗಿಯೇ ಬಂದವು. ಆಗ ಬದಲಿ ಆಟಗಾರರು ಮೂವರಷ್ಟೇ. ಇಟಲಿಯ ಮೂರನೇ ಬದಲಿ ತಿಯಾಗೊ ಮೊಟ್ಟಾ ಬಂದ ಐದಾರು ನಿಮಿಷಕ್ಕೇ ತೊಡೆಯ ಸ್ನಾಯು ಹಿಡಿದು ಹೊರಗೆ ಹೋದ. ಕೊನೆಯ ಅರ್ಧ ಗಂಟೆ ಇಟಲಿ ಹತ್ತೇ ಜನ. ಟೊರೆಸ್, ಮಾಟಾ ಗೋಲು ಬಂದಿದ್ದು 84, 88ರಲ್ಲಿ. ಅದು 2-0ರ ಪಂದ್ಯ.

ಪ್ರಶ್ನೆ: ಏಳು, ಎಂಟು ಗೋಲು ಆದ ಮ್ಯಾಲೆ ರೆಫ್ರಿ ಪಂದ್ಯ ನಿಲ್ಲಸಬಹುದಾ?
— ಬೆಟಗೇರಿ

ಉತ್ತರ: ಇಲ್ಲ. ಫುಟ್‌ಬಾಲ್ ನಿಯಮಗಳಲ್ಲಿ ಅಂತರಕ್ಕೆ ಮಿತಿಯೇ ಇಲ್ಲ. ಅವಧಿ ಕಡಿಮೆ ಮಾಡಬೇಕಾದರೆ ಪಂದ್ಯ ಶುರುವಾಗುವ ಮೊದಲೇ ರೆಫ್ರಿ ಮತ್ತು ಎರಡೂ ತಂಡ ಒಪ್ಪಿರಬೇಕು, ಟೂರ್ನಿಯ ನಿಯಮದಲ್ಲಿ ಅವಕಾಶವೂ ಇರಬೇಕು. ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಜನ ಉಳಿದರೆ ಮಾತ್ರ ಆಟ ಮುಂದುವರಿಯುವಂತಿಲ್ಲ. ಸಿಟ್ಟಿಗೆದ್ದು ಮೈದಾನ ಬಿಟ್ಟು ಹೋದವರಿಗೆ ಫಿಫಾ ಪದ್ಧತಿಯಲ್ಲಿ 0-3 ಸೋಲು; ಆ ಹೊತ್ತಿಗೆ ಅಂತರ ಅದಕ್ಕಿಂತ ಹೆಚ್ಚಿದ್ದರೆ ಅದೇ ಉಳಿಯುತ್ತದೆ. ಓಡಿಹೋಗಿ ಲಾಭವಿಲ್ಲ.

ಪ್ರಶ್ನೆ: ನಾನು ಶಾಲೆಯ ಪಿ.ಇ. ಮಾಸ್ತರ. ಟೂರ್ನಿ ಫೈನಲ್‌ನ್ಯಾಗ ಹಾಫ್ ಟೈಮಿಗೆ ನಮ್ಮ ಹುಡುಗರು 0-1 ಇದ್ರು, ಮುಗಿಯೂದ್ರಾಗ 0-8. ಮಳಿ ಬಂದು ನೆಲ ಹಸಿ ಇತ್ತು. ಒಂದು ಗೋಲು ಬಿದ್ದ ಮ್ಯಾಲೆ ಸಾಲು ಹಿಡದು ಬೀಳ್ತಾವು. ಏನ ಮಾಡಬೇಕ್ರಿ?
— ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ

ಉತ್ತರ: ಸಾಲು ಹಿಡಿದು ಬೀಳುವುದು ನಿಮ್ಮ ಹುಡುಗರಿಗೆ ಮಾತ್ರವಲ್ಲ ಮಾಸ್ತರ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 1-7ರಲ್ಲಿ ಸೋತಿತು. 23, 24, 26, 29: ಆರು ನಿಮಿಷದ ಅಂತರದಲ್ಲಿ ನಾಲ್ಕು. ಇದರಲ್ಲಿ 26ನೇ ನಿಮಿಷದ್ದು ನಿಮಗೆ ಪಾಠ. ಬ್ರೆಜಿಲ್ ಕಿಕ್‌ಆಫ್ ಮಾಡಿ ಚೆಂಡನ್ನು ಹಿಂದಕ್ಕೆ ಕೊಟ್ಟಿತ್ತಷ್ಟೇ, ಕ್ರೂಸ್ ಅದನ್ನು ಫರ್ನಾಂಡಿನ್ಯೊ ಕಾಲಿಂದ ಕಸಿದು ಖೆದಿರಾ ಜೊತೆ ಅದಲು ಬದಲು ಮಾಡಿ ಒಳಗೆ ಹಾಕಿದ. ಗೋಲು ಬಿದ್ದ ಕೂಡಲೇ ಅದನ್ನು ತೀರಿಸುವ ಆತುರ. ಬ್ಯಾಕ್‌ಗಳು ಮೇಲೆ ಓಡಿರುತ್ತಾರೆ, ನಡುವಿನವರು ತಲೆ ತಗ್ಗಿಸಿರುತ್ತಾರೆ, ಎರಡು ಸಾಲಿನ ನಡುವೆ ಮೂವತ್ತು ಮೀಟರ್ ಖಾಲಿ.

ಹಾಗಾಗಿ ಗೋಲು ಬಿದ್ದ ಮೇಲಿನ ಮೂರು ನಿಮಿಷಕ್ಕೆ ಬೇರೆಯೇ ಪಾಠ ಮಾಡಿಸಿ. ಕಿಕ್‌ಆಫ್ ಚೆಂಡು ಹಿಂದೆ ಸ್ಟಾಪರ್‌ಗೆ (ನಟ್ಟನಡುವಿನ ಬ್ಯಾಕ್) ಬರಲಿ, ಅವನು ಎರಡನೇ ಸ್ಪರ್ಶಕ್ಕೆ ಎದುರಾಳಿಯ ಕಾರ್ನರ್ ಧ್ವಜದ ಕಡೆ ಉದ್ದ ಒದೆಯಲಿ. ಹೊರಗೆ ಹೋದರೂ ಚಿಂತೆ ಇಲ್ಲ. ಮೇಲೆ ಹೇಳಿದ ವಿಟಿನ್ಯಾ ಉಪಾಯವೇ ಇದು, ಅವನು ಬೇಟೆಗೆ ಬಳಸಿದ್ದನ್ನು ನೀವು ಉಸಿರಾಡಲು ಬಳಸುತ್ತೀರಿ. ಅವರು ಥ್ರೋ ಇನ್ ಮಾಡುವಷ್ಟರಲ್ಲಿ ನಿಮ್ಮ ನಾಲ್ವರು ಬ್ಯಾಕ್‌ಗಳು ಪರಸ್ಪರ 8–10 ಮೀಟರ್ ಅಂತರದಲ್ಲಿ ನಿಲ್ಲಬೇಕು, ಅವರ ಮುಂದೆ 10–12 ಮೀಟರ್ ದೂರದಲ್ಲಿ ನಡುವಿನ ನಾಲ್ವರು. ಸಾಲನ್ನು ಕರೆಯುವವನು ಒಬ್ಬನೇ ಇರಲಿ, ಸ್ಟಾಪರ್. ‘ಏರ್ರಿ’, ‘ಇಳೀರಿ’ ಎರಡೇ ಮಾತು. ಐದು ಜನ ಕೂಗಿದರೆ ಡಿಮಾರ್ಕೊ ಥರ ಒಬ್ಬ ಹಿಂದೆ ಉಳಿಯುತ್ತಾನೆ.

ಅಭ್ಯಾಸಕ್ಕೆ ಅರ್ಧ ಮೈದಾನ ಸಾಕು. ದಾಳಿಗೆ ಆರು, ರಕ್ಷಣೆಗೆ ಐದು ಮತ್ತು ಗೋಲ್‌ಕೀಪರ್. ‘ನೀವು 0-2 ಹಿಂದಿದ್ದೀರಿ, ಎಂಟು ನಿಮಿಷ ಉಳಿದಿದೆ, ಮೂರನೆಯದು ಬೀಳಬಾರದು’ ಅಂತ ಹೇಳಿ ಸೀಟಿ ಊದಿ. ರಕ್ಷಣೆಯವರು ಚೆಂಡು ಗೆದ್ದು ನಡುಗೆರೆ ದಾಟಿಸಿದರೆ ಒಂದು ಅಂಕ. ಎಂಟು ನಿಮಿಷದ ಮೂರು ಸುತ್ತು, ನಡುವೆ ಎರಡು ನಿಮಿಷ ನೀರು. ಗೋಲು ಬಿದ್ದರೆ ಆಟ ನಿಲ್ಲಿಸಿ ಬೈಯಬೇಡಿ. ಚೆಂಡನ್ನು ತಕ್ಷಣ ನಡುವೆ ಇಟ್ಟು ಮುಂದುವರಿಸಿ, ಯಾಕೆಂದರೆ ರೂಢಿಯಾಗಬೇಕಾದ್ದು ಆ ಹೊತ್ತೇ. ವಾರಕ್ಕೆರಡು ದಿನ ಮಾಡಿದರೆ ಸಾಕು. ದಾಳಿಗೆ ಹೋಗುವಾಗಲೂ ಒಂದು ಲೆಕ್ಕ ಇರಲಿ: ಎದುರಾಳಿ ಇಬ್ಬರನ್ನು ಮುಂದೆ ಬಿಟ್ಟಿದ್ದರೆ ನಿಮ್ಮವರು ಮೂವರು ಹಿಂದೆ, ಒಬ್ಬನನ್ನು ಬಿಟ್ಟಿದ್ದರೆ ಇಬ್ಬರು. ನಿಮಗೆ ಕಾರ್ನರ್ ಸಿಕ್ಕಾಗ ಇದು ಮೊದಲು ಮರೆತುಹೋಗುತ್ತದೆ.

ಇನ್ನು ನೆಲ. ನಿಮ್ಮ ಕಡೆಯ ಎರಿ ಮಣ್ಣು ಹಸಿಯಾದರೆ ಸಣ್ಣ ಪಾಸ್ ಅರ್ಧ ದಾರಿಗೆ ನಿಂತುಬಿಡುತ್ತದೆ, ಎದುರಾಳಿ ಫಾರ್ವರ್ಡ್‌ಗೆ ಅದು ಬಂಗಾರ. ಸ್ವಂತ ಗೋಲಿನಿಂದ ಮೂವತ್ತು ಮೀಟರ್ ಒಳಗೆ ಅಡ್ಡ ಪಾಸ್ ಬೇಡವೇ ಬೇಡ. ಬೂಟಿನ ಮೊಳೆಗಳ ನಡುವೆ ಮಣ್ಣು ತುಂಬಿದರೆ ಕಾಲು ಭಾರ, ಹಿಡಿತವೂ ಇಲ್ಲ. ಹಾಫ್ ಟೈಮಿನಲ್ಲಿ ಭಾಷಣಕ್ಕಿಂತ ಮೊದಲು ಕಡ್ಡಿಯಿಂದ ಕೆರೆದು ತೆಗೆಯಿಸಿ. ಎರಡನೇ ಅರ್ಧದಲ್ಲಿ ಏಳು ಗೋಲು ಬಿದ್ದಿದ್ದಕ್ಕೆ ಅರ್ಧ ಕಾರಣ ಬೂಟಿನಲ್ಲೇ ಇರಬಹುದು. ಟಾಸ್ ಗೆದ್ದರೆ ಈಗ ಕಿಕ್‌ಆಫ್ ಅಥವಾ ಕಡೆ, ಎರಡರಲ್ಲಿ ಒಂದನ್ನು ಆರಿಸಬಹುದು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಮೈದಾನ ಆ ದಿಕ್ಕಿಗಿದ್ದರೆ ಮೊದಲರ್ಧದಲ್ಲೇ ಗಾಳಿಯನ್ನು ಬೆನ್ನಿಗೆ ತೆಗೆದುಕೊಳ್ಳಿ. ನೆಲ ಕೆಡುವುದರೊಳಗೆ ಗೋಲು ಹೊಡೆಯಲು ಅದೇ ಸಮಯ.

ಬದಲಾವಣೆ ಮಾಡುವಾಗ ಗೋಲ್‌ಕೀಪರ್‌ನನ್ನು ತೆಗೆಯಬೇಡಿ, ಗಾಯವಾಗದ ಹೊರತು. ಎಂಟು ಗೋಲು ತಿಂದವನಿಗೆ ಎಲ್ಲರ ಕಣ್ಣು ಬೀಳುತ್ತದೆ, ಆದರೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲಿನಲ್ಲಿ ಹದಿಮೂರರ ಹುಡುಗ ಮೇಲಿನ ಚೆಂಡು ಹಿಡಿಯಲಾರ. ಮೊದಲು ಬದಲಿಸಬೇಕಾದ್ದು ಬದಿಯ ಬ್ಯಾಕ್‌ಗಳನ್ನು, ಹೆಚ್ಚು ಓಡಿದವರು ಅವರೇ. ಕಿರಿಯರ ಪಂದ್ಯಗಳಲ್ಲಿ ಹೊರಬಂದವರು ಮರಳಿ ಒಳಹೋಗಲು ನಿಯಮದಲ್ಲಿ ಅವಕಾಶವಿದೆ, ಸಂಘಟಕರು ಒಪ್ಪಿದ್ದರೆ. ಪಂದ್ಯಕ್ಕೆ ಮುಂಚೆ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಾಲ್ಕು ಗೋಲು ಆದ ಮ್ಯಾಲೂ ಹೊಡೀತಾನೇ ಇರೂದು ಎದುರಿನವರಿಗೆ ಅವಮಾನ ಅಲ್ಲೇನ್ರಿ?
— ನವನಗರ, ಹುಬ್ಬಳ್ಳಿ

ಉತ್ತರ: ನನ್ನ ಮಟ್ಟಿಗೆ ಚೆಂಡು ಸುಮ್ಮನೆ ಅತ್ತಿತ್ತ ತಳ್ಳುತ್ತ ಪ್ರೇಕ್ಷಕರಿಂದ ‘ಓಲೆ’ ಅನ್ನಿಸಿಕೊಳ್ಳುವುದು ದೊಡ್ಡ ಅವಮಾನ. 2025ರ ಡುರಾಂಡ್ ಕಪ್ ಫೈನಲ್ ನೋಡಿ. ಕೋಲ್ಕತ್ತಾದಲ್ಲಿ ನಾರ್ತ್ ಈಸ್ಟ್ ಯುನೈಟೆಡ್ 6, ಡೈಮಂಡ್ ಹಾರ್ಬರ್ 1. ಒಂದು ಹಂತದಲ್ಲಿ ಅದು 3-1 ಇತ್ತು, ಸೋಲುತ್ತಿದ್ದವರು ಇನ್ನೂ ಬೆನ್ನಟ್ಟುತ್ತಿದ್ದರು. ಕೊನೆಯ ಮೂರು ಗೋಲು ಬಿದ್ದಿದ್ದು ಸುಮಾರು ಕೊನೆಯ ಹತ್ತು ನಿಮಿಷದಲ್ಲಿ, ಆ ಬೆನ್ನಟ್ಟುವಿಕೆ ಬಿಟ್ಟ ಜಾಗದಲ್ಲಿ. ಅಲ್ಲದೆ ಬದಲಿಯಾಗಿ ಬಂದವನಿಗೆ ಮುಂದಿನ ಪಂದ್ಯದ ಜಾಗಕ್ಕಾಗಿ ಆ ಹತ್ತು ನಿಮಿಷವೇ ಪರೀಕ್ಷೆ. ಮಕ್ಕಳ ಪಂದ್ಯದಲ್ಲಿ ಮಾತ್ರ ಬೇರೆ: ನಾಲ್ಕು ಗೋಲಿನ ಅಂತರವಾದರೆ ಹಿಂದಿರುವ ತಂಡಕ್ಕೆ ಒಬ್ಬ ಆಟಗಾರನನ್ನು ಹೆಚ್ಚಿಗೆ ಕೊಡಬಹುದು, ಮೊದಲೇ ಬರೆದಿಟ್ಟಿದ್ದರೆ.

ಪ್ರಶ್ನೆ: ನಾವು ನಾಲ್ಕು ತಂಡದ ಲೀಗ್ ಮಾಡಿ ಇಬ್ಬರನ್ನ ಫೈನಲ್‌ಗೆ ತಗೊಂಡ್ವಿ. ಮೂರು ತಂಡಕ್ಕ ಸಮ ಪಾಯಿಂಟ್. ಕೊನೇ ಪಂದ್ಯ ಆಡಿದವರು ದುರ್ಬಲ ತಂಡಕ್ಕ 9-0 ಹೊಡದು ಗೋಲ್ ಡಿಫರೆನ್ಸ್ ಮ್ಯಾಲೆ ಮುಂದ ಹ್ವಾದ್ರು. ಜಗಳಾ ಬಿದ್ದಾವು. ನಿಯಮ ಹೆಂಗ ಇಡಬೇಕು?
— ಮುಂಡರಗಿ ರಸ್ತೆ, ಗದಗ

ಉತ್ತರ: ಆ ತಂಡ ತಪ್ಪು ಮಾಡಿಲ್ಲ, ನಿಮ್ಮ ವೇಳಾಪಟ್ಟಿ ಮಾಡಿದೆ. ಕೊನೆಗೆ ಆಡುವವರಿಗೆ ಎಷ್ಟು ಗೋಲು ಬೇಕೆಂದು ಗೊತ್ತಿರುತ್ತದೆ, ಮುಂಚೆ ಆಡಿದವರಿಗೆ ಗೊತ್ತಿರಲಿಲ್ಲ. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಇಂಥದೇ ತಿಳಿವಳಿಕೆಯಿಂದ 1-0ರಲ್ಲಿ ಆಟ ತಣ್ಣಗೆ ಮಾಡಿ ಅಲ್ಜೀರಿಯಾವನ್ನು ಹೊರಗಿಟ್ಟವು. 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ.

ಎರಡು ಮೈದಾನ ಸಿಕ್ಕರೆ ನೀವೂ ಹಾಗೇ ಮಾಡಿ. ಸಿಗದಿದ್ದರೆ ಅತಿ ದುರ್ಬಲ ತಂಡದ ಪಂದ್ಯ ಕೊನೆಗೆ ಬಾರದಂತೆ ಪಟ್ಟಿ ಹಾಕಿ. ಸಮ ಪಾಯಿಂಟ್ ಬಂದರೆ ಮೊದಲು ಸಮವಾದ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳ ಪಾಯಿಂಟ್, ಆಮೇಲೆ ಆ ಪಂದ್ಯಗಳದೇ ಗೋಲಿನ ಅಂತರ, ಅದೂ ಸಮವಾದರೆ ಒಟ್ಟು ಅಂತರ. ಆದರೆ ಒಂದು ಪಂದ್ಯದಿಂದ ಮೂರಕ್ಕಿಂತ ಹೆಚ್ಚು ಲೆಕ್ಕಕ್ಕಿಲ್ಲ. 9-0 ಆದರೂ ಪ್ಲಸ್ 3 ಮಾತ್ರ. ಅದಕ್ಕೂ ಬಗೆಹರಿಯದಿದ್ದರೆ ಪೆನಾಲ್ಟಿ ಕಿಕ್, ಚೀಟಿ ಎತ್ತುವುದು ಕಟ್ಟಕಡೆಗೆ.

ತೀರಾ ದುರ್ಬಲ ತಂಡಗಳಿದ್ದರೆ ಅವುಗಳ ನಡುವೆ ಮೊದಲೊಂದು ಸುತ್ತು ಆಡಿಸಿ. 2001ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಟೊಂಗಾಗೆ 22-0, ಎರಡೇ ದಿನ ಬಿಟ್ಟು ಅಮೆರಿಕನ್ ಸಮೋವಾಗೆ 31-0 ಹೊಡೆದ ಮೇಲೆ ಓಷಿಯಾನಿಯಾದ ಫುಟ್‌ಬಾಲ್ ಒಕ್ಕೂಟದವರು ಕಂಡುಕೊಂಡ ದಾರಿ ಅದೇ. ಈ ನಿಯಮಗಳನ್ನೆಲ್ಲ ಪ್ರವೇಶ ಫೀ ತೆಗೆದುಕೊಳ್ಳುವ ದಿನವೇ ಹಾಳೆಯಲ್ಲಿ ಬರೆದು ಪ್ರತಿ ನಾಯಕನ ಸಹಿ ಹಾಕಿಸಿಕೊಳ್ಳಿ, ಒಂದು ಪ್ರತಿ ರೆಫ್ರಿ ಕೈಯಲ್ಲಿರಲಿ.